ಯಾರ ಪೈಕಿ ಎಂದು ಕೇಳಿದ ಮೇಲೆ

ಮೇ ತಿಂಗಳ ಕೊನೆಯ ಮಂಗಳವಾರ, ಸಂಜೆ ನಾಲ್ಕಕ್ಕೆ ಸರಿಯಾಗಿ, ವಿನೋದಿನಿ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ಶಿಕಾಗೋಗೆ ಕರೆ ಮಾಡಿದಳು. ನಾಲ್ಕು ನಿಮಿಷವೂ ಆಗಿರಲಿಲ್ಲ, ಆ ಕಡೆಯವರು ಇಟ್ಟುಬಿಟ್ಟರು. ಇವಳು ಇನ್ನೂ ಹಲೋ ಹಲೋ ಅನ್ನುತ್ತಲೇ ಇದ್ದಳು. ನಾನು ಒಲೆಯ ಹತ್ತಿರ ನಿಂತು ಮೊಮ್ಮಗಳ ಹಾಲಿನ ಬಾಟಲಿ ಕುದಿಸುತ್ತಿದ್ದೆ.

"ಸಿಗ್ನಲ್ ಹೋಯ್ತೇನೇ?" ಎಂದೆ.

"ಇಲ್ಲಜ್ಜಿ. ಬೇಕು ಅಂತಾನೇ ಇಟ್ರು."

ಆ ಒಂದು ಫೋನಿನ ಮೇಲೆ ಅವಳ ಇಡೀ ವರ್ಷದ ಓದು ನಿಂತಿತ್ತು.

ವಿನೋದಿನಿ ಐರ್ಲೆಂಡಿನ ಗಾಲ್ವೇ ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದಳು. ವಯಸ್ಸು ಇಪ್ಪತ್ತಾರು, ಹಿರಿಯೂರು ಕಡೆಯ ಹುಡುಗಿ. ನನ್ನ ಮಗಳು ಜಯಶೀಲಾ ಮತ್ತು ಅಳಿಯ ನಂದೀಶ್ ಅದೇ ಊರಿನ ಪಾರ್ಕ್‌ಮೋರ್ ಹತ್ತಿರ ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಒಂದು ಸಣ್ಣ ಕೋಣೆ ಅವಳದು. ನಾನು ಮಗಳ ಬಾಣಂತನಕ್ಕೆಂದು ಬಂದವಳು, ಕೊರೊನಾ ಬಂದು ವಿಮಾನ ನಿಂತು ಇಲ್ಲೇ ಸಿಕ್ಕಿಕೊಂಡಿದ್ದೆ. ವಿನೋದಿನಿ ವಾರಕ್ಕೆ ಇಪ್ಪತ್ತು ಗಂಟೆ ವಯಸ್ಸಾದವರನ್ನು ಇಟ್ಟುಕೊಳ್ಳುವ ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಿದ್ದಳು. ಮನೆಯಲ್ಲಿ ಹಸುಗೂಸು ಇದೆ ಎಂದು ಹಿತ್ತಲ ಶೆಡ್ಡಿನಲ್ಲೇ ಯೂನಿಫಾರ್ಮ್ ಬಿಚ್ಚಿ, ಚೀಲಕ್ಕೆ ತುಂಬಿ, ನೇರ ಬಚ್ಚಲಿಗೆ ಹೋಗುವಳು. ಸ್ನಾನವಾಗದೆ ಒಂದು ಮಾತೂ ಆಡುತ್ತಿರಲಿಲ್ಲ.

ಆಗಸ್ಟ್ ಮೂವತ್ತೊಂದರೊಳಗೆ ಅವಳು ದೊಡ್ಡದೊಂದು ಥೀಸಿಸ್ ಬರೆದು ಕೊಡಬೇಕಿತ್ತು. ವಿಷಯ, ಅಮೆರಿಕದ ಒಂದು ಬೀದಿ ಗ್ಯಾಂಗು. ಬ್ಯಾರನ್ಸ್ ಎಂದು ಅದರ ಹೆಸರು. ಅದು ಹೇಗೆ ಹುಟ್ಟಿತು, ಯಾರ ಮೇಲೆ ಯಾರು, ಯಾರ ಮಾತು ಯಾರಿಗೆ ನಡೆಯುತ್ತಿತ್ತು, ಇದನ್ನೆಲ್ಲ ಬರೆಯಬೇಕು.

"ನಮ್ಮ ಕಡೆ ರೌಡಿಗಳು ಇರ್ತಾರಲ್ಲ, ಹಂಗೇನಾ?" ಎಂದು ನಾನು ಮೊದಲೇ ಕೇಳಿದ್ದೆ.

"ಹಂಗೇ ಅಂದ್ಕೊಳ್ಳಿ. ಆದ್ರೆ ಹುಟ್ಟೋವಾಗ್ಲೇ ಯಾರೂ ರೌಡಿ ಆಗಿರಲ್ಲ ಅಲ್ವಾ ಅಜ್ಜಿ."

ಅತ್ಲೋನ್ ಎಂಬ ಊರಿನಲ್ಲಿ ಎಂಬತ್ತಾರು ವರ್ಷದ ಪಾದ್ರಿಯೊಬ್ಬರಿದ್ದರು, ಫಾದರ್ ಮಾಲಕಿ. ಪ್ರಾಯದಲ್ಲಿ ಶಿಕಾಗೋದ ಅದೇ ಬೀದಿಯ ಚರ್ಚಿನಲ್ಲಿದ್ದವರು. ಫೆಬ್ರವರಿಯಲ್ಲಿ ಇವಳು ರೈಲು ಹತ್ತಿ ಹೋಗಿ ಅವರನ್ನು ನೋಡಿ ಬಂದಿದ್ದಳು. ಒಂದು ಪೆಟ್ಟಿಗೆ ತುಂಬ ಹಳೆಯ ಪತ್ರ, ಫೋಟೊ ಇವೆ, ಮುಂದಿನ ತಿಂಗಳು ಬಾ ಎಂದಿದ್ದರು. ಮುಂದಿನ ತಿಂಗಳು ಊರೂರೇ ಬಾಗಿಲು ಹಾಕಿಕೊಂಡಿತು. ಲೈಬ್ರರಿಯೂ ಮುಚ್ಚಿತು. ಉಳಿದದ್ದು ಫಾದರ್ ಕೊಟ್ಟ ಒಂದು ಫೋನ್ ನಂಬರು. ಹೆಕ್ಟರ್ ಎಂಬವರದು. ಎಪ್ಪತ್ತು ವರ್ಷ. ಗ್ಯಾಂಗು ಕಟ್ಟಿದ ನಾಲ್ಕು ಹುಡುಗರಲ್ಲಿ ಬದುಕಿರುವವರು ಅವರೊಬ್ಬರೇ.

ಅವರೇ ಈಗ ಫೋನಿಟ್ಟಿದ್ದು.

ಅವಳು ಆಡಿದ ಮಾತನ್ನು ಮತ್ತೆ ಮತ್ತೆ ನೆನಪಿಸಿಕೊಂಡಳು. ನಮಸ್ಕಾರ ಹೇಳಿದ್ದೆ, ಆರೋಗ್ಯ ಕೇಳಿದ್ದೆ, ಆಮೇಲೆ ನೀವು ಎಲ್ಲಿಯವರು, ನಿಮ್ಮ ಜನ ಯಾರು ಅಂತ ಕೇಳಿದೆ, ಅಷ್ಟೇ ಎಂದಳು. ಕೊನೆಗೆ ಅತ್ಲೋನ್‌ಗೆ ಫೋನ್ ಮಾಡಿದಳು. ಫಾದರ್ ಮೊದಲು ನಕ್ಕರಂತೆ, ಆಮೇಲೆ ನಗು ನಿಲ್ಲಿಸಿದರಂತೆ. ಅವರು ಹೇಳಿದ್ದನ್ನು ವಿನೋದಿನಿ ನನಗೆ ಕನ್ನಡದಲ್ಲಿ ಹೇಳಿದಳು. ಆ ಬೀದಿಗಳಲ್ಲಿ ಅದು ಮಾತಾಡಿಸುವ ಮಾತಲ್ಲ. ಒಬ್ಬ ಇನ್ನೊಬ್ಬನಿಗೆ ಅಡ್ಡ ನಿಂತು 'ಎಲ್ಲಿಯವನು ನೀನು, ಯಾರ ಪೈಕಿ' ಎಂದು ಕೇಳಿದನೆಂದರೆ ಮುಂದಿನದು ಹೊಡೆತ, ಇಲ್ಲವೇ ಗುಂಡು. ಸರಿಯಾದ ಉತ್ತರ ಯಾವುದೆಂದು ಕೇಳಿದವನಿಗೆ ಮಾತ್ರ ಗೊತ್ತು.

ಹೇಳಿ ಮುಗಿಸಿ ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ನನ್ನ ಬಾಯಿಂದಾನೇ ಬಂತಲ್ಲಜ್ಜಿ ಅದು."

ಫೆಬ್ರವರಿಯಲ್ಲಿ ಅವಳು ಕೋಣೆ ಸೇರಲು ಬಂದ ದಿನ ಬಾಗಿಲು ತೆಗೆದವಳು ನಾನು. ಸೂಟ್‌ಕೇಸ್ ಇನ್ನೂ ಹೊಸ್ತಿಲಾಚೆ ಇತ್ತು, ಯಾವೂರಮ್ಮ, ಯಾರ ಪೈಕಿ ಎಂದು ಕೇಳಿದ್ದೆ. ಹಿರಿಯೂರು ಕಡೆ ಅಂದಳೇ ಹೊರತು ಎರಡನೆಯದಕ್ಕೆ ಉತ್ತರ ಕೊಡದೆ ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತಿದ್ದಳು. ಊರಿನಲ್ಲಿ ನಾವು ಅದನ್ನು ಕುಶಲ ವಿಚಾರಿಸಿದ ಹಾಗೆ ವಿಚಾರಿಸುತ್ತೇವೆ. ಯಾಕೆ ವಿಚಾರಿಸುತ್ತೇವೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ಮರುದಿನ ಊಟದ ಹೊತ್ತಿಗೆ ಜಯಶೀಲಾ ಶುರು ಮಾಡಿದಳು. "ಅಲ್ಲ ಕಣೇ, ಆ ರೌಡಿ ತಾತನ್ನ ಬಿಟ್ಟಾಕು. ಪೊಲೀಸ್ನೋರ ರಿಪೋರ್ಟು ನೆಟ್ಟಲ್ಲೇ ಐತೆ ಅಂದ್ಯಲ್ಲ, ಅದ್ರಲ್ಲಿ ಚಾರ್ಟೂ ಐತೆ. ಮೇಲೆ ಲೀಡರು, ಕೆಳಗೆ ಚೇಲಾಗಳು. ಬರ್ದು ಬಿಸಾಕು."

"ಆ ಚಾರ್ಟು ನಂದೀಶಣ್ಣನ ಫ್ಯಾಕ್ಟ್ರೀದು ಇದ್ದಂಗೈತೆ ಅಕ್ಕ. ಮ್ಯಾನೇಜರು, ಅವನ ಕೆಳಗೆ ಮ್ಯಾನೇಜರು, ಅವನ ಕೆಳಗೆ ಇನ್ನೊಬ್ಬ ಮ್ಯಾನೇಜರು."

"ನಿಮ್ಮ ಗೈಡ್ ಮೇಡಂ ಏನಂದ್ರು?"

"ಅದನ್ನೇ ಹಾಕಿದ್ರೂ ಗ್ರ್ಯಾಂಡ್ ಅಂದ್ರು." ಇಲ್ಲಿಯವರಿಗೆ ಸರಿ, ಸಾಕು ಅನ್ನುವುದಕ್ಕೆಲ್ಲ ಆ ಮಾತೇ.

"ಮತ್ತಿನ್ನೇನು?"

"ಮೇಡಂಗೆ ಗ್ರ್ಯಾಂಡು. ನನಗಲ್ಲ. ಹೊಡೆಸಿಕೊಂಡೋರು, ಹೊಡೆದೋರು ಏನಂತಾರೆ ಅಂತ ಕೇಳದೇನೇ, ಹಿಡಿದೋರು ಬರೆದಿದ್ದನ್ನೇ ನಾನೂ ಬರೆದ್ರೆ ಅದು ಓದಾ?"

"ಫೇಲಾದ್ರೆ ವೀಸಾ ಯಾರು ಕೊಡ್ತಾರೆ? ನಿನ್ನ ಬ್ಯಾರನ್ಸಾ?" ಎಂದು ಜಯಶೀಲಾ ಚುಚ್ಚಿದಳು. ವಿನೋದಿನಿ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡು, ತೊಳೆದಿಟ್ಟು, ಶುಕ್ರವಾರ ಮತ್ತೆ ಮಾಡುತ್ತೇನೆ ಎಂದಳು.

ಶುಕ್ರವಾರ ಹೆಕ್ಟರ್ ಎತ್ತಲಿಲ್ಲ. ಸಂದೇಶ ಬಿಡಬಹುದು ಎಂದು ಯಂತ್ರ ಹೇಳಿತು. ಬಿಡುವ ಮುಂಚೆ ಆ ಮಾತನ್ನು ಒಮ್ಮೆ ಕನ್ನಡದಲ್ಲಿ ಹೇಳಿ ನೋಡುತ್ತೇನೆ, ಕೇಳಿಸಿಕೊಳ್ಳಿ ಎಂದು ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಇಂಗ್ಲಿಷಲ್ಲಾದ್ರೆ ಸುಳ್ಳು ಹೇಳೋದು ಸುಲಭ ಅಜ್ಜಿ. ಕನ್ನಡದಲ್ಲಿ ನಾಲಿಗೆ ತಡೆಯುತ್ತೆ." ಆಮೇಲೆ ಫೋನನ್ನು ನೋಡುತ್ತಾ ಹೇಳಿದಳು.

"ನನ್ನ ಹೆಸರು ವಿನೋದಿನಿ. ತಿಪ್ಪೇಸ್ವಾಮಿ, ದುರ್ಗಮ್ಮ ಅನ್ನೋರ ಮಗಳು. ನಮ್ಮ ಕಾಲೊನಿ ಊರಾಚೆ ಐತೆ. ನಮ್ಮಮ್ಮ ಅಂಗನವಾಡೀಲಿ ಸಹಾಯಕಿ. ಅವಳು ಮಾಡಿದ ಉಪ್ಪಿಟ್ಟನ್ನ ಊರೊಳಗಿನ ಎಂಟು ಮನೆ ಮಕ್ಕಳು ತಿನ್ನಲ್ಲ. ಮಕ್ಕಳಿಗೆ ಆಸೆ ಐತೆ, ಮನೆಯೋರು ಬಿಡಲ್ಲ. ಬೆಂಗಳೂರಲ್ಲಿ ರೂಮು ನೋಡೋಕೆ ಹೋದಾಗ ಓನರ್ ಆಂಟಿ ನೀವು ಯಾವ ಜನ ಅಂದ್ರು. ಹೇಳ್ದೆ. ಸಂಜೆಯೊಳಗೆ ರೂಮು ಬೇರೆಯೋರಿಗೆ ಹೋಗಿತ್ತು. ಇಲ್ಲಿ, ಗಾಲ್ವೇಲೂ ಒಬ್ರು ಕೇಳಿದ್ರು..."

ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದಳು. "ಇದನ್ನ ಬಿಟ್ಬಿಡ್ಲಾ?"

"ಬಿಡಬೇಡ," ಎಂದೆ. "ನಡೆದದ್ದು ನಡೆದ ಹಾಗೆ ಹೇಳು."

ಅವಳು ಮತ್ತೆ ಫೋನಿನ ಕಡೆ ತಿರುಗಿದಳು. "ಆ ಮಾತು ಏನು ಮಾಡುತ್ತೆ ಅಂತ ಗೊತ್ತಿದ್ದೂ ನಿಮ್ಮನ್ನ ಕೇಳ್ದೆ. ತಪ್ಪು ನಂದು. ನೀವು ಏನೂ ಹೇಳದೇ ಇದ್ರೂ ಪರವಾಗಿಲ್ಲ. ನಾನು ಯಾರು ಅಂತ ನಿಮಗೆ ಗೊತ್ತಿರಲಿ ಅಂತ ಹೇಳ್ತಿದೀನಿ."

ಮತ್ತೆ ಫೋನ್ ಮಾಡಿ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಯಂತ್ರಕ್ಕೆ ಹೇಳಿ, ಚೀಲ ತೆಗೆದುಕೊಂಡು ಶಿಫ್ಟಿಗೆ ಹೊರಟಳು. ಬಾಗಿಲ ಹತ್ತಿರ ಮಗು ಎತ್ತಿಕೊಂಡು ನಿಂತಿದ್ದ ಜಯಶೀಲಾ ನನ್ನ ಕಡೆ ತಿರುಗಿದಳು.

"ಕೇಳಿದ್ದು ನೀನಾ ಅಮ್ಮ?"

"ಹೂಂ."

"ಛೆ," ಎಂದಳು. ಅವತ್ತಿನಿಂದ ವಿನೋದಿನಿಯನ್ನು ವೀಸಾ ಎಂದು ಚುಚ್ಚಲಿಲ್ಲ.

ಮುಂದಿನ ನಾಲ್ಕು ವಾರ, ಮಂಗಳವಾರ ಮತ್ತು ಶುಕ್ರವಾರ ನಾಲ್ಕಕ್ಕೆ ಅವಳು ಫೋನ್ ಮಾಡಿದಳು. ಎತ್ತುವವರಿಲ್ಲ. 'ನಾನು ವಿನೋದಿನಿ, ಮತ್ತೆ ಮಾಡ್ತೀನಿ' ಎಂದಷ್ಟೇ ಹೇಳಿ ಇಡುವಳು. ಅದೇ ವಾರಗಳಲ್ಲಿ ನರ್ಸಿಂಗ್ ಹೋಮಿನಲ್ಲಿ ಮೂವರು ತೀರಿಕೊಂಡರು. ಮಕ್ಕಳು ಒಳಗೆ ಬರುವಂತಿರಲಿಲ್ಲ, ಹಾಸಿಗೆಯ ಪಕ್ಕ ಕೂತು ಟ್ಯಾಬ್ಲೆಟ್ ಹಿಡಿದುಕೊಂಡು ಮಕ್ಕಳ ಮುಖ ತೋರಿಸುವುದು ಇವಳ ಕೆಲಸ. ಒಂದು ದಿನ ಕೈ ಸೋತು ಅನ್ನ ಕಲಸಲಾರದೆ ಚಮಚದಲ್ಲಿ ತಿಂದಳು. ಆದರೂ ನಾಲ್ಕು ಗಂಟೆ ತಪ್ಪಿಸಲಿಲ್ಲ. ಶಿಫ್ಟಿದ್ದ ದಿನ ಅಲ್ಲಿಯೇ ಹಿತ್ತಲಿಗೆ ಬಂದು ಮಾಡುತ್ತಿದ್ದಳಂತೆ.

ಜೂನ್ ಮೂವತ್ತರ ಮಂಗಳವಾರ, ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗ, ಫೋನು ತಾನಾಗಿ ಬಡಿದುಕೊಂಡಿತು. ಒರಟು ದನಿ. ಮೊದಲ ಮಾತೇ, 'ಆ ಮಕ್ಕಳು ಈಗಲಾದರೂ ನಿಮ್ಮಮ್ಮನ ಕೈಯ ತಿಂಡಿ ತಿನ್ನುತ್ತಿದ್ದಾರಾ?'

"ಅಂಗನವಾಡಿ ಈಗ ಮುಚ್ಚೈತೆ ಸರ್," ಎಂದು ಇವಳು ಗಡಿಬಿಡಿಯಲ್ಲಿ ಕನ್ನಡದಲ್ಲೇ ಹೇಳಿ, ನಾಲಿಗೆ ಕಚ್ಚಿಕೊಂಡು, ಇಂಗ್ಲಿಷಿಗೆ ತಿರುಗಿದಳು.

ಆ ಜುಲೈ ಪೂರ್ತಿ ಹೆಕ್ಟರ್ ಮಾತಾಡಿದರು. ಪ್ರತಿ ಕರೆಯಾದ ಮೇಲೆ ವಿನೋದಿನಿ ನನಗೆ ಅದನ್ನು ಕನ್ನಡದಲ್ಲಿ ಹೇಳುವಳು. ನಿಮಗೆ ತಿಳಿದರೆ ಯಾರಿಗಾದರೂ ತಿಳಿಯುತ್ತದೆ ಎನ್ನುವಳು. ನಾನು ಕೇಳಿದ್ದು ಇಷ್ಟು.

ಹೆಕ್ಟರ್ ಅವರ ಅಪ್ಪ ಅಮ್ಮ ಪೋರ್ಟೊ ರಿಕೊ ಎಂಬ ದ್ವೀಪದಲ್ಲಿ ಕಬ್ಬು ಕಡಿಯುತ್ತಿದ್ದವರು. ಶಿಕಾಗೋಗೆ ಬಂದು ಸೇರಿದರು. ಹುಡುಗರು ಈಜುಕೊಳಕ್ಕೆ ಹೋದರೆ ಮೊದಲೇ ಬಂದು ನೆಲೆಸಿದ್ದವರ ಮಕ್ಕಳು ಅಡ್ಡಗಟ್ಟಿ ಯಾರ ಪೈಕಿ ಎಂದು ಕೇಳುವರು. ಹೇಳಲು ಇವರ ಹತ್ತಿರ ಏನೂ ಇಲ್ಲ. ಹಲ್ಲು ಮುರಿಸಿಕೊಂಡು ಬರುವರು. ಸಾವಿರದ ಒಂಬೈನೂರ ಅರವತ್ನಾಲ್ಕರ ಬೇಸಿಗೆಯಲ್ಲಿ ನಾಲ್ವರು ಬಟ್ಟೆ ಒಗೆಯುವ ಅಂಗಡಿಯೊಂದರ ಮೂಲೆಯಲ್ಲಿ ನಿಂತು, ಕೇಳಿದವರಿಗೆ ಹೇಳಲು ಒಂದು ಹೆಸರು ಕಟ್ಟಿಕೊಂಡರು. ಬ್ಯಾರನ್ಸ್. ಹೆಸರು ಮೊದಲು ಬಂತು, ಗ್ಯಾಂಗು ಆಮೇಲೆ ಬಂತು.

ಆಗ ಮೇಲೂ ಇಲ್ಲ, ಕೆಳಗೂ ಇಲ್ಲ. ನಾಲ್ವರು ಇಪ್ಪತ್ತು ಜನವಾದಾಗ ಒಬ್ಬ ಪ್ರೆಸಿಡೆಂಟ್, ಅವನಿಲ್ಲದಾಗ ನೋಡಿಕೊಳ್ಳಲು ಇನ್ನೊಬ್ಬ, ಜಗಳ ಬಂದರೆ ಎಲ್ಲಿ ಯಾವಾಗ ಎಂದು ಗೊತ್ತುಮಾಡಲು ಮೂರನೆಯವನು. ಪಕ್ಕದ ಬೀದಿಗಳಲ್ಲಿ ಇನ್ನೂ ಮೂರು ಮೂಲೆಗಳು ಅದೇ ಹೆಸರು ಹಿಡಿದವು. ಪ್ರತಿ ಮೂಲೆಗೂ ಅದರದೇ ಯಜಮಾನ. ಮೀಸೆ ಬಾರದವರಿಗೆ ಬೇರೆ ಗುಂಪು. ಆಮೇಲೆ ಮಾದಕ ವಸ್ತುವಿನ ವ್ಯಾಪಾರ ಬಂತು, ಬಂದೂಕು ಬಂತು, ಒಬ್ಬೊಬ್ಬರೇ ಜೈಲಿಗೆ ಹೋದರು. ಜೈಲಿನಲ್ಲಿ ಕಾಯಿದೆ ಪುಸ್ತಕ ಬರೆದರು. ಯಾರು ಯಾರಿಗೆ ಎದ್ದು ನಿಲ್ಲಬೇಕು, ತಪ್ಪಿಗೆ ಎಷ್ಟು ಪೆಟ್ಟು, ಎಲ್ಲ ಅದರಲ್ಲಿ. ಅಲ್ಲಿಂದಾಚೆ ಗ್ಯಾಂಗಿನ ತಲೆ ಜೈಲಿನಲ್ಲಿ, ಕಾಲು ಬೀದಿಯಲ್ಲಿ. ಪೊಲೀಸರ ಚಾರ್ಟು ಆ ಕಾಲದ್ದು. ಅದು ಸುಳ್ಳಲ್ಲ, ಆದರೆ ಮುದುಕನ ಫೋಟೊ ತೋರಿಸಿ ಹುಟ್ಟಿದ್ದೇ ಹೀಗೆ ಅಂದ ಹಾಗೆ ಎಂದರಂತೆ ಹೆಕ್ಟರ್.

ಜುಲೈ ಕೊನೆಯ ಕರೆಯಲ್ಲಿ ಅವರು ಇನ್ನೊಂದು ಹೇಳಿದರು. ಎಪ್ಪತ್ತೊಂಬತ್ತನೇ ಇಸವಿ, ಅವರಿಗೆ ಇಪ್ಪತ್ತೊಂಬತ್ತು ವರ್ಷ. ತಮ್ಮ ಬೀದಿಗೆ ಬಂದ ಹೊಸ ಹುಡುಗನೊಬ್ಬನನ್ನು ಅವರೇ ತಡೆದು ಯಾರ ಪೈಕಿ ಎಂದು ಕೇಳಿದರು. ಯಾರ ಪೈಕಿಯೂ ಅಲ್ಲ, ಬ್ರೆಡ್ ತರೋಕೆ ಹೋಗ್ತಿದೀನಿ ಎಂದನಂತೆ ಹುಡುಗ. ಇವರು ನಂಬಲಿಲ್ಲ. ಸತ್ತ ಹುಡುಗನ ಹೆಸರು ರಾಮೋನ್, ಹತ್ತೊಂಬತ್ತು ವರ್ಷ. ಹೆಕ್ಟರ್ ಹದಿನಾಲ್ಕು ವರ್ಷ ಜೈಲಿನಲ್ಲಿದ್ದರು. ಮೇ ತಿಂಗಳಲ್ಲಿ ಫೋನಿಟ್ಟದ್ದು ಪ್ರಶ್ನೆಗೆ ಹೆದರಿ ಅಲ್ಲ, ತಮ್ಮದೇ ದನಿ ಕೇಳಿಸಿದಂತಾಗಿ.

"ನನ್ನ ಹೆಸರು ಏನಾದರೂ ಹಾಕಿಕೋ. ಅವನ ಹೆಸರು ಮಾತ್ರ ಅವನದೇ ಇರಬೇಕು," ಎಂದು ಕೇಳಿಕೊಂಡರು.

ಮೇಡಂ ಆಗುವುದಿಲ್ಲ ಎಂದರು. ಥೀಸಿಸ್ಸಿನಲ್ಲಿ ಯಾರ ನಿಜ ಹೆಸರೂ ಬರುವಂತಿಲ್ಲ, ಅದು ನಿಯಮ. ವಿನೋದಿನಿ ಇಡೀ ವಾರ ಪತ್ರದ ಮೇಲೆ ಪತ್ರ ಬರೆದಳು. ಒಂದು ಸಲ ಮೇಡಂ ಜೊತೆ ವಿಡಿಯೊದಲ್ಲಿ ಮಾತಾಡುವಾಗ ದನಿ ಏರಿತು. ಜಯಶೀಲಾ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು, "ಬಿಡಬೇಡ, ಕೇಳು," ಎಂದು ಪಿಸುಗುಟ್ಟಿದಳು. ಕೊನೆಗೆ ಮೇಡಂ ಒಂದು ದಾರಿ ಹೇಳಿದರು. ಒಳಗೆ ಬೇಡ, ಮೊದಲ ಹಾಳೆಯಲ್ಲಿ ಅರ್ಪಣೆ ಎಂದು ಬರೆಯುತ್ತಾರಲ್ಲ, ಅದು ವಿದ್ಯಾರ್ಥಿಯ ಸ್ವಂತದ್ದು, ಅಲ್ಲಿ ಹೆಸರಷ್ಟೇ ಹಾಕಿಕೋ.

ಆ ಹಾಳೆಯಲ್ಲಿ ಒಂದೇ ಸಾಲು ಬರೆದಳು. ರಾಮೋನ್, ಹತ್ತೊಂಬತ್ತು ವರ್ಷ, ಲೂಸ್ ಅವರ ಮಗ. ಲೂಸ್ ಎಂಬುದು ಅವನ ತಾಯಿಯ ಹೆಸರಂತೆ.

ಆಗಸ್ಟ್ ಇಪ್ಪತ್ತೆಂಟಕ್ಕೆ ಥೀಸಿಸ್ ಕಂಪ್ಯೂಟರಿನಲ್ಲಿ ಹೋಯಿತು. ಹೆಕ್ಟರ್‌ಗೆ ಆ ಹಾಳೆ ಓದಿ ಹೇಳಿದಾಗ, ನನಗೆ ಅದು ಕಾಗದದಲ್ಲಿ ಬೇಕು, ಫೋನಿನಲ್ಲಿ ಬೇಡ ಎಂದರು. ರಾಮೋನ್‌ನ ಅಕ್ಕ ಅವರ ಮನೆಯಿಂದ ನಾಲ್ಕು ಬೀದಿ ಆಚೆಗೆ ಇದ್ದಾಳಂತೆ. ಜೈಲಿನಿಂದ ಬಂದಾಗಿನಿಂದ ಆ ಬೀದಿ ತಪ್ಪಿಸಿ ಸುತ್ತಿಕೊಂಡು ಓಡಾಡುತ್ತಿದ್ದವರು, ಈಗ ಆ ಹಾಳೆ ಹಿಡಿದು ಅವಳ ಮನೆಗೆ ಹೋಗುತ್ತಾರಂತೆ.

"ಅವರು ಬಾಗಿಲು ತೆಗೀದೇ ಹೋದ್ರೆ?" ಎಂದು ವಿನೋದಿನಿ ಕೇಳಿದಳು.

"ತೆಗೆಯಲೇಬೇಕು ಅಂತ ಇಲ್ಲ. ನಾನು ಹೋಗಬೇಕು, ಅಷ್ಟೇ," ಎಂದರು.

ಸೋಮವಾರ ನಾನೂ ಅವಳ ಜೊತೆ ಪೋಸ್ಟ್ ಆಫೀಸಿಗೆ ಹೋದೆ. ಹೊರಗೆ ಎರಡೆರಡು ಮೀಟರಿಗೆ ಹಳದಿ ಪಟ್ಟಿ ಅಂಟಿಸಿದ್ದರು, ಅದರ ಮೇಲೆ ನಿಂತು ನಿಂತು ಮುಂದೆ ಹೋದೆವು. ಗಾಜಿನಾಚೆಯ ಹೆಂಗಸು ಲಕೋಟೆ ನೋಡಿ, ವಿಮಾನ ಕಡಿಮೆ, ಅಮೆರಿಕಕ್ಕೆ ಮೂರು ವಾರವೋ ಐದು ವಾರವೋ ಹೇಳಲಾರೆ ಎಂದಳು. ಹೋಗುವುದಂತೂ ನಿಜ ತಾನೇ ಎಂದು ವಿನೋದಿನಿ ಕೇಳಿದಳು. ಹೋಗುತ್ತೆ ಎಂದಳು ಹೆಂಗಸು. ಪಡೆದವರ ಸಹಿ ಬೇಕಾಗುವ ಹಾಗೆ ಕಳಿಸಿ ಎಂದು ವಿನೋದಿನಿ ಲಕೋಟೆಯನ್ನು ಗಾಜಿನ ಕೆಳಗೆ ತಳ್ಳಿದಳು. ಎರಡು ಗಂಟೆಗೆ ಶಿಫ್ಟಿತ್ತು. ನನ್ನನ್ನು ಮನೆಯ ತಿರುವಿನವರೆಗೆ ಬಿಟ್ಟು, ಬಸ್ಸಿಗೆ ಓಡಿದಳು.