ಹೆಗಲು ಬೇಡದ ದೋಣಿ

ಮಾಸೂರಿನಲ್ಲಿ ಮದಗದ ಕೆರೆಯ ಏರಿಯ ಕೆಳಗೆ ಹೊಲವಿರುವ ಕರಿಬಸಪ್ಪನ ಮನೆಗೆ ಎರಡು ಬಾಗಿಲು. ಎರಡು ಬಾಗಿಲಿಲ್ಲದ ಮನೆ ಯಾವುದಿದೆ ಎಂದು ಕೇಳಬೇಡಿ. ಈ ಮನೆಯ ಹಿತ್ತಲ ಬಾಗಿಲಿಗೆ ಬೇರೆ ಮನೆಗಳಲ್ಲಿ ಇಲ್ಲದ ಒಂದು ಕೆಲಸವಿತ್ತು. ಕೆರೆಯಿಂದ ಹೆಣ ತೆಗೆದ ದಿನ ಕರಿಬಸಪ್ಪ ಆ ಬಾಗಿಲಿಗೇ ಬರಬೇಕು. ಹೆಂಡತಿ ಸರೋಜವ್ವ ಹಿತ್ತಲಿನಲ್ಲಿ ಹಂಡೆ ತುಂಬ ನೀರು ಕಾಯಿಸಿಕೊಂಡು ದಾರಿ ನೋಡುತ್ತಿರುತ್ತಾಳೆ. ಒದ್ದೆ ಬಟ್ಟೆ ಅಲ್ಲೇ ಬಿಚ್ಚಿ, ಮೈಮೇಲೆ ನೀರು ಸುರಿದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆಯೇ ಒಳಗೆ ಕಾಲಿಡುವುದು. ಇದನ್ನು ಅವರಿಬ್ಬರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ಸಲ ಹಾಗೆ ನಡೆಯಿತು, ಮುಂದೆ ಹಾಗೆಯೇ ನಡೆದುಕೊಂಡು ಬಂತು.

ಆ ಮೊದಲ ಸಲದ ಮಾತೆಂದರೆ ಯಲ್ಲಪ್ಪನದು. ಪಕ್ಕದ ಹೊಲದವನು. ಪಂಪಿನ ಪೈಪಿನ ಬಾಯಿಗೆ ಸಿಕ್ಕಿಕೊಂಡ ಜೊಂಡು ಬಿಡಿಸಲು ಕೆರೆಗೆ ಇಳಿದವನು ಮೇಲೆ ಬರಲಿಲ್ಲ. ಏರಿಯ ಮೇಲೆ ಊರಿಗೆ ಊರೇ ನಿಂತು ಅಯ್ಯೋ ಎನ್ನುತ್ತಿತ್ತು. ಕರಿಬಸಪ್ಪನೋ ಹರೆಯದಲ್ಲಿ ಎತ್ತಿನ ಬಾಲ ಹಿಡಿದು ಈಜು ಕಲಿತವನು, ಹೆಣ್ಣುಮಕ್ಕಳ ಕೊಡ ತಳ ಕಂಡರೆ ಮುಳುಗಿ ತಂದುಕೊಡುತ್ತಿದ್ದವನು. ಯಲ್ಲಪ್ಪನ ಹೆಂಡತಿಯ ಅಳು ಕೇಳಲಾರದೆ ಅಂಗಿ ಬಿಚ್ಚಿದ. ಅಲ್ಲಿಂದ ಮುಂದೆ ಅದು ಅವನ ಕೊರಳಿಗೇ ಬಿತ್ತು. ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ, ಸವಣೂರಿನಿಂದ ಫೋನು ಬರತೊಡಗಿತು. ಉಣ್ಣುವ ತಾಟು ಸರಿಸಿ ಎದ್ದು ಹೋಗುತ್ತಿದ್ದ. ಸತ್ತವರ ಮನೆಯವರು ಏನಾದರೂ ಕೊಡಲು ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಇಂಥವರು ಒಂದು ತಾಲೂಕಿಗೆ ಒಬ್ಬರು ಸಿಕ್ಕರೆ ಆ ತಾಲೂಕಿನ ಪುಣ್ಯ.

ಆದರೆ ಅವನಿಗೊಂದು ಕೊರಗಿತ್ತು. ಅವನು ನೀರಿಗೆ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಇಷ್ಟು ವರ್ಷಗಳಲ್ಲಿ ಒಬ್ಬರೂ, ಒಂದೇ ಒಂದು ಜೀವವೂ ಅವನ ಕೈಗೆ ಉಸಿರಾಡುತ್ತ ಸಿಕ್ಕಿರಲಿಲ್ಲ.

"ಒಬ್ಬರನ್ನರ ಜೀವಂತ ತರಬೇಕಿತ್ತಲ್ಲ ಸರೋಜಾ," ಎಂದು ಬೆನ್ನಿಗೆ ಬಿಸಿನೀರು ಬೀಳುವಾಗ ಹೇಳುತ್ತಿದ್ದ.

"ಅದು ನಿಮ್ಮ ಕೈಯಾಗ ಐತೇನ್ರಿ?"

"ಐತಿ. ಲಗೂ ಮುಟ್ಟಿದ್ರ ಐತಿ."

ಹಾಗೆ ಬೇಗ ಮುಟ್ಟುವುದು ಯಾಕೆ ಆಗುತ್ತಿರಲಿಲ್ಲ ಎಂಬುದಕ್ಕೆ ದೋಣಿಯ ಕಥೆ ಹೇಳಬೇಕು. ದೊಡ್ಡ ಮಳೆಯಾದ ವರ್ಷ ನೆರವಿಗೆಂದು ಹೊರಗಿನಿಂದ ಬಂದವರು ಹೋಗುವಾಗ ಗಾಳಿ ತುಂಬುವ ಒಂದು ಸಣ್ಣ ರಬ್ಬರ್ ದೋಣಿಯನ್ನು ಊರಿಗೆ ಬಿಟ್ಟು ಹೋದರು. ಅದು ಯಾರ ಹತ್ತಿರ ಇರಬೇಕೆಂದು ಚರ್ಚೆಯೇ ಆಗಲಿಲ್ಲ, ಸೀದಾ ಕರಿಬಸಪ್ಪನ ಹೊಲಕ್ಕೆ ಬಂತು. ಅವನು ಏರಿಯ ಬುಡದಲ್ಲಿ ತಗಡಿನ ಚಪ್ಪರ ಹಾಕಿ, ಸದಾ ಗಾಳಿ ತುಂಬಿಸಿಯೇ ಇಟ್ಟ. ವಯಸ್ಸಾಗುತ್ತ ಬಂದ ಮೈಗೆ ದೋಣಿಯಿಂದ ಆಸರೆಯಾಯಿತು. ನೋಡಲು ಸಣ್ಣದು ಖರೆ, ಆದರೆ ತಳಕ್ಕೆ ಹಾಸುಹಲಗೆ, ಹಿಂಭಾಗಕ್ಕೆ ಒಂದು ದಪ್ಪ ಅಡ್ಡಹಲಗೆ ಇದ್ದುದರಿಂದ ಒಬ್ಬರಿಗೆ ಜಗ್ಗುವಂಥದ್ದಲ್ಲ. ನೆಲದ ಮೇಲೆ ಎಳೆದರೆ ಕಲ್ಲುಮುಳ್ಳಿಗೆ ರಬ್ಬರು ಹರಿಯುತ್ತದೆ. ಏರಿ ಹತ್ತಿಸಿ ನೀರಿಗೆ ಮುಟ್ಟಿಸಬೇಕೆಂದರೆ ನಾಲ್ಕು ಜನ ನಾಲ್ಕು ಮೂಲೆಗೆ ಹೆಗಲು ಕೊಡಬೇಕು.

ಎಡವಟ್ಟಾದದ್ದು ಅಲ್ಲಿಯೇ. ನಾಲ್ಕು ಹೆಗಲ ಮೇಲೆ ಉದ್ದಕ್ಕೆ ಏನೋ ಹೊರಟಿದೆ ಎಂದರೆ ನಮ್ಮ ಕಡೆಯ ಜನಕ್ಕೆ ಮೊದಲು ನೆನಪಾಗುವುದು ಚಟ್ಟ. ಅದೂ ಹೆಣ ತರಲು ಹೊರಟ ದೋಣಿ! ಅದಕ್ಕೆ ಹೆಗಲು ಕೊಡು ಎಂದರೆ ಒಬ್ಬನ ಹೆಂಡತಿ ಬಸುರಿ, ಇನ್ನೊಬ್ಬನಿಗೆ ಶ್ರಾವಣದ ವ್ರತ, ಮತ್ತೊಬ್ಬನಿಗೆ ಬೆಳಗಿನಿಂದ ಹೆಗಲು ಹಿಡಿದುಕೊಂಡುಬಿಟ್ಟಿದೆ. ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯಲು ಮಾತ್ರ ಅದೇ ಹೆಗಲಿಗೆ ಏನೂ ಆಗಿರುತ್ತಿರಲಿಲ್ಲ. ಕರಿಬಸಪ್ಪ ಒಬ್ಬೊಬ್ಬರ ಗದ್ದ ಹಿಡಿದು ನಾಲ್ವರನ್ನು ಕೂಡಿಸುವಷ್ಟರಲ್ಲಿ ನೀರು ತನ್ನ ಕೆಲಸ ಮುಗಿಸಿಕೊಂಡಿರುತ್ತಿತ್ತು. ಅವನು ಯಾರನ್ನೂ ಬೈದವನಲ್ಲ. ನಾವಾಗಿದ್ದರೆ ಬೈಯುತ್ತಿದ್ದೆವು.

ಒಂದು ದಿನ ಮಗ ಚನ್ನೇಶ ಮೊಬೈಲು ಹಿಡಿದುಕೊಂಡು ಬಂದ.

"ಅಪ್ಪಾ, ಇಲ್ಲಿ ನೋಡು. ಒಬ್ಬನೇ ಎಳಕೊಂಡು ಹೊಂಟಾನ."

ಯಾವುದೋ ದೂರದ ಸಮುದ್ರದ ದಂಡೆ. ಇಂಥದೇ ರಬ್ಬರ್ ದೋಣಿ. ಹಿಂದಿನ ಅಡ್ಡಹಲಗೆಗೆ ಎರಡು ಗಾಲಿ ಹಚ್ಚಿದ್ದಾರೆ. ಮುಂದಿನ ಹಗ್ಗ ಹಿಡಿದು ಒಬ್ಬ ಮುದುಕ ದೋಣಿಯನ್ನು ಕರುವಿನ ಹಾಗೆ ನಡೆಸಿಕೊಂಡು ಹೋಗಿ ನೀರಿಗೆ ಬಿಟ್ಟ. ಕರಿಬಸಪ್ಪ ಅದನ್ನೇ ಮತ್ತೆ ಮತ್ತೆ ಹಾಕಿಸಿ ನೋಡಿದ. ಬೆಳಗಾದ ಕೂಡಲೇ ದೋಣಿಯನ್ನು ಚನ್ನೇಶನ ಟ್ರ್ಯಾಕ್ಟರಿಗೆ ಹೇರಿಸಿ, ಹಿರೇಕೆರೂರಿನ ಜಮಾಲಸಾಬನ ವೆಲ್ಡಿಂಗ್ ಅಂಗಡಿಯ ಮುಂದೆ ಇಳಿಸಿದ.

ಜಮಾಲಸಾಬ ಅವನ ಸಾಲಿ ಗೆಳೆಯ. ಇಬ್ಬರೂ ಒಂದೇ ಮಾಸ್ತರರಿಂದ ಪೆಟ್ಟು ತಿಂದವರು.

"ದೋಣಿಗೆ ಗಾಲಿ? ನಾಳೆ ಎತ್ತಿಗೆ ರೆಕ್ಕಿ ಹಚ್ಚು ಅಂತೀದಿ ನೀ."

"ಹಚ್ಚಾಕ ಬರ್ತೈತೋ ಇಲ್ಲೋ, ಅಷ್ಟ ಹೇಳು."

"ಬರದ ಏನು! ಈ ಜಮಾಲ ಏನಂತ ತಿಳ್ದಿ?"

ಸೈಕಲ್ ಗಾಲಿ ಕೆಸರಿನಲ್ಲಿ ಹುಗಿಯುತ್ತದೆ, ಸ್ಕೂಟರಿನದು ಭಾರ. ಸಿಮೆಂಟು ಹೊರುವ ಕೈಗಾಡಿಯ ದಪ್ಪ ಗಾಲಿ ಎರಡು ಸಿಕ್ಕವು. ಅಡ್ಡಹಲಗೆಯ ಎರಡೂ ತುದಿಗೆ ಕಬ್ಬಿಣದ ಪಟ್ಟಿ ಇಟ್ಟು, ತೂತು ಕೊರೆದು, ತುಕ್ಕು ಹಿಡಿಯದ ಬೋಲ್ಟು ಹಾಕಿದರು. ತೂತಿನಿಂದ ನೀರು ಒಸರಬಾರದೆಂದು ಹಳೆಯ ಟ್ಯೂಬು ಕತ್ತರಿಸಿ ಬೋಲ್ಟಿಗೆ ರಬ್ಬರಿನ ಬಿಲ್ಲೆ ಕೊಟ್ಟರು. ದೋಣಿಯ ಹೊಟ್ಟೆ ನೆಲದಿಂದ ಒಂದು ಗೇಣು ಮೇಲೆ ನಿಲ್ಲುವಷ್ಟು ಉದ್ದದ ಕಬ್ಬಿಣದ ಕಾಲು ಮಾಡಿ, ಅದರ ತುದಿಗೆ ಗಾಲಿ ಕೂರಿಸಿ, ಕಾಲನ್ನು ಪಟ್ಟಿಗೆ ಗಟ್ಟಿಯಾಗಿ ಬೆಸೆದುಬಿಟ್ಟ ಜಮಾಲಸಾಬ. ಆನೆ ಬಂದು ಒದ್ದರೂ ಅಲ್ಲಾಡದು ಎಂದು ತಾನೇ ಒಂದು ಸಲ ಒದ್ದೂ ನೋಡಿದ.

ಗಾಲಿ ಬಂದಿತೆಂದರೆ ಅದು ಗಾಡಿಯೇ. ಗಾಡಿಗೆ ಪೂಜೆ ಆಗದೆ ಆದೀತೆ? ದೋಣಿ ಹೊಲಕ್ಕೆ ಮರಳಿದ ಮೇಲೆ ಸರೋಜವ್ವ ಗಾಲಿಗಳಿಗೆ ಅರಿಷಿಣ ಕುಂಕುಮ ಹಚ್ಚಿ, ಕೆಳಗೆ ಲಿಂಬೆಹಣ್ಣು ಇಟ್ಟಳು. ಜಮಾಲಸಾಬ ತೆಂಗಿನಕಾಯಿಯನ್ನು ದೋಣಿಯ ಮೂತಿಗೇ ಒಡೆಯಲು ಕೈ ಎತ್ತಿದ್ದ.

"ಯಣ್ಣಾ, ರಬ್ಬರ್ ಐತಿ! ಚಿಪ್ಪು ಚುಚ್ಚಿದ್ರ ಗಾಳಿ ಹೋಗತೈತಿ, ಆ ಕಲ್ಲಿಗೆ ಒಡೀರಿ," ಎಂದು ಸರೋಜವ್ವ ಚೀರಿದ್ದರಿಂದ ದೋಣಿ ಉಳಿಯಿತು.

ಕರಿಬಸಪ್ಪ ಒಬ್ಬನೇ ಹಗ್ಗ ಹಿಡಿದು ಎಳೆದ. ಲಿಂಬೆಹಣ್ಣು ಪಚಕ್ಕನೆ ಒಡೆಯಿತು, ದೋಣಿ ಸಲೀಸಾಗಿ ಏರಿ ಹತ್ತಿ ಆಚೆ ಇಳಿಯಿತು. ನೋಡಲು ಬಂದವರು ಸಿಳ್ಳೆ ಹೊಡೆದರು. ಹತ್ತಿ ಕುಳಿತು ಹುಟ್ಟು ಹಾಕಿದ. ದೋಣಿ ತುಸು ದೂರ ಹೋಗಿ ನಿಂತಲ್ಲೇ ಗಿರಕಿ ಹೊಡೆಯತೊಡಗಿತು. ಗಾಲಿಗಳು ನೀರೊಳಗೆ ಜೋತುಬಿದ್ದು ತಾವರೆಯ ದಂಟು, ಜೊಂಡು, ಊರಿನ ಪ್ಲಾಸ್ಟಿಕ್ಕು ಎಲ್ಲವನ್ನೂ ಸುತ್ತಿಕೊಂಡಿದ್ದವು. ನೆಲದ ಮೇಲೆ ಗಾಲಿ ಬೇಕು, ನೀರಿನಲ್ಲಿ ಬೇಡ ಎಂಬ ಮಾತು ಆ ಎರಡು ದೊಡ್ಡ ತಲೆಗಳಿಗೂ ಹೊಳೆದಿರಲಿಲ್ಲ.

"ಕರಿಬಸಪ್ಪಾ, ಎತ್ತು ಹೂಡೋದು ಮರ್ತೀಯಲ್ಲೋ!" ಎಂದು ಏರಿಯ ಮೇಲಿನಿಂದ ಶಂಕ್ರಪ್ಪ ಕೂಗಿದ. ಶಂಕ್ರಪ್ಪನ ಕೆಲಸವೇ ಅದು, ಏರಿಯ ಮೇಲೆ ಕುಳಿತು ಕೂಗುವುದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಜಮಾಲಸಾಬ ಮುಖ ಕೆಂಪಗೆ ಮಾಡಿಕೊಂಡು ಬೀಡಿ ಹಚ್ಚಿದ.

ಎದೆಮಟ್ಟ ನೀರಿನಲ್ಲಿ ನಿಂತು ದಂಟು ಬಿಡಿಸುತ್ತಿದ್ದ ಕರಿಬಸಪ್ಪ ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ದಂಡೆಗೆ ಬಂದವನೇ, "ಜಮಾಲಾ, ಚಕ್ಕಡಿ ಗಾಲಿ ಕಳಚಬಾರದು ಅಂತ ಏನ ಹಾಕ್ತೀವಿ?" ಎಂದ.

"ಕೀಲು."

"ಹಂಗಾರ ಇದಕ್ಕೂ ಕೀಲು ಹಾಕು. ಬೇಕಾದಾಗ ಕಾಲು ಇಳೀಬೇಕು, ಬ್ಯಾಡಾದಾಗ ಏರಬೇಕು."

ಬೆಸೆದದ್ದನ್ನು ಕತ್ತರಿಸಿ ಮಡಚುವ ಕಾಲು ಮಾಡಿದರು. ಪಟ್ಟಿಯಲ್ಲಿ ಮೇಲೊಂದು ತೂತು, ಕೆಳಗೊಂದು ತೂತು. ಕೀಲು ಕೆಳಗಿನ ತೂತಿನಲ್ಲಿದ್ದರೆ ಗಾಲಿ ನೆಲಕ್ಕೆ, ಮೇಲಿನದರಲ್ಲಿದ್ದರೆ ಗಾಲಿ ಆಕಾಶಕ್ಕೆ. ಕೀಲು ನೀರಿಗೆ ಬೀಳಬಾರದೆಂದು ಸರೋಜವ್ವ ಅದನ್ನು ಗಟ್ಟಿ ದಾರದಿಂದ ಹಲಗೆಗೆ ಕಟ್ಟಿದಳು. ಅಂದಿನಿಂದ ಕರಿಬಸಪ್ಪ ದಿನಾ ಸಂಜೆ ದನ ಕಟ್ಟಿದ ಮೇಲೆ ದೋಣಿ ಎಳೆಯುವುದು, ನೀರಿಗಿಳಿಸುವುದು, ಕೀಲು ಕಿತ್ತು ಗಾಲಿ ಏರಿಸುವುದು, ಮತ್ತೆ ಇಳಿಸಿ ತರುವುದು. ಕಣ್ಣು ಮುಚ್ಚಿ ಮಾಡಿದರೂ ತಪ್ಪದ ಹಾಗೆ ಕೈಗೆ ರೂಢಿ ಮಾಡಿಕೊಂಡ. ಮುದುಕನಿಗೆ ಹೊಸ ಆಟಿಕೆ ಸಿಕ್ಕಿದೆ ಎಂದು ಶಂಕ್ರಪ್ಪ ಕೂಗಿಯೇ ಕೂಗಿದ.

ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಿದ್ದ ಒಂದು ದಿನ. ಹೆಂಗಸರು ಹಳೆಯ ಬಟ್ಟೆ ಸೇರಿಸಿ ಹೊಲಿದ ಕೌದಿ ಒಗೆಯಲು ಕೆರೆಗೆ ಬಂದಿದ್ದರು. ಗಂಡಸರೆಲ್ಲ ಹಿರೇಕೆರೂರಿನ ಸಂತೆಗೆ ಹೋಗಿದ್ದರು, ಚನ್ನೇಶನೂ ಶಂಕ್ರಪ್ಪನೂ ಸೇರಿ. ಕರಿಬಸಪ್ಪ ದನಕ್ಕೆ ಹುಲ್ಲು ಕೊಯ್ಯುತ್ತಿದ್ದಾಗ ಏರಿಯ ಆಚೆಯಿಂದ ಕೂಗು ಎದ್ದಿತು. ಕುಡುಗೋಲು ಎಸೆದು ಏರಿ ಹತ್ತಿದ.

ಒಗೆಯುವ ಕಲ್ಲಿನ ಮೇಲೆ ಜನ್ನತಬಿ ಎದೆ ಬಡಿದುಕೊಳ್ಳುತ್ತಿದ್ದಳು. ಅವಳ ಸೊಸೆ ನೂರಜಹಾನ ನೆನೆದ ಕೌದಿಯನ್ನು ನೀರಿನಲ್ಲಿ ಜಾಲಿಸುವಾಗ ಅದು ಕೈತಪ್ಪಿತ್ತು. ಹಿಡಿಯಲು ಹೋಗಿ ಆಳಕ್ಕೆ ಬಿದ್ದಿದ್ದಳು. ಕಾಲುವೆಗೆ ನೀರು ಬಿಡಲು ತೂಬು ತೆರೆದಿದ್ದರಿಂದ ಸೆಳೆತ ಅವಳನ್ನೂ ಕೌದಿಯನ್ನೂ ಅತ್ತ ಎಳೆದುಕೊಂಡು ಹೋಗಿತ್ತು. ಕೌದಿ ತೂಬಿನ ಕಲ್ಲುಕಂಬಕ್ಕೆ ಸುತ್ತಿಕೊಂಡಿತ್ತು. ಅದರ ಒಂದು ತುದಿ ಹಿಡಿದು ಅವಳು ಜೋತಾಡುತ್ತಿದ್ದಳು. ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ.

"ಯಾರರ ನಾಕು ಮಂದಿ ಬರ್ರೋ!" ಕರಿಬಸಪ್ಪನ ಬಾಯಿ ಹಳೆಯ ರೂಢಿಯಂತೆ ತಾನೇ ಕೂಗಿತು. ಯಾರೂ ಬರಲಿಲ್ಲ, ಬರುವವರು ಊರಲ್ಲಿ ಇರಲೇ ಇಲ್ಲ. ಆಮೇಲೆ ಅವನಿಗೆ ಮೈಮೇಲೆ ಎಚ್ಚರ ಬಂತು. ನಾಲ್ಕು ಮಂದಿ ಈಗ ಯಾಕೆ ಬೇಕು?

ಚಪ್ಪರಕ್ಕೆ ಓಡಿ ಹಗ್ಗ ಹೆಗಲಿಗೆ ಹಾಕಿಕೊಂಡು ಜಗ್ಗಿದ. ಗಾಲಿಗಳು ಕಲ್ಲು, ಕೊರಕಲು, ಕೆಸರು ಯಾವುದನ್ನೂ ಲೆಕ್ಕಿಸದೆ ಅವನ ಬೆನ್ನ ಹಿಂದೆ ಬಂದವು. ಏರಿಯ ಆಚೆ ಇಳಿಜಾರಿನಲ್ಲಿ ದೋಣಿಯೇ ಅವನನ್ನು ನೂಕಿಕೊಂಡು ಹೋಯಿತು. ನೀರು ಮೊಳಕಾಲಿಗೆ ಬಂದಾಗ ಒಂದು ಕೀಲು ಕಿತ್ತ, ಗಾಲಿ ಏರಿಸಿದ, ಇನ್ನೊಂದು ಕಿತ್ತ, ಏರಿಸಿದ. ಹತ್ತಿ ಕುಳಿತು ಬಿರುಸಾಗಿ ಹುಟ್ಟು ಹಾಕಿದ, ಯಾಕೆಂದರೆ ಅತ್ತ ಕಡೆಯ ತಲೆ ಇನ್ನೂ ಅಲ್ಲಾಡುತ್ತಿತ್ತು.

ಕಂಬದ ಹತ್ತಿರ ದೋಣಿಯ ಹಿಂಭಾಗ ತಿರುಗಿಸಿ, "ಆ ಗಾಲಿ ಕಾಲು ಹಿಡಿ ತಂಗೀ, ಹಿಡಿ!" ಎಂದು ಕೂಗಿದ. ಮೇಲಕ್ಕೆ ಮಡಚಿ ನಿಂತಿದ್ದ ಕಬ್ಬಿಣದ ಕಾಲಿಗೆ ನೂರಜಹಾನ ಒಂದು ಕೈ ಹಾಕಿದಳು, ಆಮೇಲೆ ಇನ್ನೊಂದು. ಅವನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ಅವಳು ನೀರು ಕಾರಿದಳು, ಕೆಮ್ಮಿದಳು, ಎದ್ದು ಕುಳಿತು ಮೊದಲು ಆಡಿದ ಮಾತು:

"ಕಾಕಾ, ನನ್ನ ಕೌದಿ!"

ಕರಿಬಸಪ್ಪ ಹುಟ್ಟು ಹಿಡಿದವನು ಹಾಗೆಯೇ ಕುಳಿತುಬಿಟ್ಟ. ಆ ದೋಣಿಯಲ್ಲಿ ಅವನು ತಂದವರು ಯಾರೂ ಇಲ್ಲಿಯವರೆಗೆ ಮಾತಾಡಿರಲಿಲ್ಲ.

"ಕೌದಿ ಹಾಳಾಗಿ ಹೋಗ್ಲಿ!"

"ಹಂಗ ಅನಬ್ಯಾಡ್ರಿ ಕಾಕಾ, ಅತ್ತಿ ಕೈಯಾರೆ ಹೊಲಿದದ್ದು. ಆಕಿ ಕಣ್ಣಿಗೆ ಈಗ ಸೂಜಿ ಕಾಣೂದಿಲ್ಲ. ಮತ್ತ ಎಲ್ಲಿಂದ ತರ್ಲಿ?"

ಹೆಣ ಎಳೆಯಲು ಇಟ್ಟುಕೊಂಡಿದ್ದ ಕೊಕ್ಕೆಯಿಂದ ಅವನು ಕೌದಿ ಎಳೆದುಕೊಂಡ. ಅವಳು ಹಲ್ಲು ಕಟಕಟಿಸುತ್ತಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಬಟ್ಟೆಯೊಂದು ಯಾವಾಗಲೂ ದೋಣಿಯಲ್ಲಿ ಇರುತ್ತಿತ್ತು. ಅದರ ಕಡೆ ಹೋದ ಕೈ ಹಿಂದಕ್ಕೆ ಬಂತು. ಧೋತರದ ಮೇಲೆ ನಡುವಿಗೆ ಸುತ್ತಿದ್ದ ತನ್ನ ವಲ್ಲಿ ಬಿಚ್ಚಿ ಹಿಂಡಿ ಅವಳ ಹೆಗಲಿಗೆ ಹಾಕಿದ. ದಂಡೆ ಮುಟ್ಟುವವರೆಗೂ ನೂರಜಹಾನ ಮಾತಾಡುತ್ತಲೇ ಇದ್ದಳು, ಅತ್ತೆ ಬೈಯುತ್ತಾಳೆ ಎಂದು, ಒಂದು ಚಪ್ಪಲಿ ಹೋಯಿತು ಎಂದು, ಮನೆಯಲ್ಲಿ ಹಿಟ್ಟು ಕಲಸಿಟ್ಟು ಬಂದಿದ್ದೇನೆ ಎಂದು. ಅವನು ಹ್ಞೂಂ ಹ್ಞೂಂ ಎನ್ನುತ್ತ ಹುಟ್ಟು ಹಾಕಿದ. ಕಣ್ಣೀರು ಇಳಿದು ಮೀಸೆಯಲ್ಲಿ ಸೇರುತ್ತಿದ್ದುದನ್ನು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ದಂಡೆಯಲ್ಲಿ ಗಾಲಿ ಇಳಿಸಿದ ಕೂಡಲೇ ಹೆಂಗಸರೆಲ್ಲ ಹಗ್ಗಕ್ಕೆ ಕೈ ಹಾಕಿ, ಕುಳಿತವಳನ್ನು ಕುಳಿತ ಹಾಗೆಯೇ ಮೇಲಕ್ಕೆ ಎಳೆದರು. ಜನ್ನತಬಿ ಸೊಸೆಯ ಬೆನ್ನಿಗೆ ಎರಡು ಗುದ್ದಿ, ತಬ್ಬಿಕೊಂಡು ಅತ್ತಳು. ಆಮೇಲೆ ಕರಿಬಸಪ್ಪನ ಎರಡೂ ಕೈ ಹಿಡಿದು, "ನಿನ್ನ ಹೊಟ್ಟಿ ತಣ್ಣಗಿರ್ಲಿ ತಮ್ಮಾ," ಎಂದಳು. ಈ ಸಲ ಅವನು ಕೈ ಹಿಂದಕ್ಕೆ ಕಟ್ಟಿಕೊಳ್ಳಲಿಲ್ಲ.

ದೋಣಿಯನ್ನು ಚಪ್ಪರಕ್ಕೆ ಸೇರಿಸಿ, ನೀರು ಸೋರುವ ಬಟ್ಟೆಯಲ್ಲೇ ಮನೆಗೆ ನಡೆದ. ಕಾಲುಗಳು ಅವನನ್ನು ಹಿತ್ತಲಿಗೆ ಕರೆದೊಯ್ದವು, ಅವಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ. ಅಲ್ಲಿ ಸರೋಜವ್ವ ಇರಲಿಲ್ಲ. ಹಂಡೆಯ ಕೆಳಗಿನ ಬೆಂಕಿಯನ್ನು ನೀರು ಹಾಕಿ ಆರಿಸಲಾಗಿತ್ತು, ಕೊಳ್ಳಿ ಇನ್ನೂ ಹೊಗೆಯಾಡುತ್ತಿತ್ತು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ತಟ್ಟಿದ.

"ಸರೋಜಾ, ಬಾಗಲಾ ತಗಿ."

"ಇದನ್ನ ತಗಿಯಂಗಿಲ್ಲ," ಒಳಗಿನಿಂದ ಅವಳ ದನಿ ಬಂತು. "ಮುಂದಿನ ಬಾಗಿಲಿಂದ ಬರ್ರಿ."

"ಮೈಯೆಲ್ಲಾ ತೊಯ್ದೈತಿ..."

"ತೊಯ್ದಿರ್ಲಿ. ಬರ್ರಿ."

ಅವನು ಮನೆ ಸುತ್ತಿಕೊಂಡು ಮುಂದಕ್ಕೆ ಬಂದ. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು, ಹೊಸ್ತಿಲ ಒಳಗೆ ಸರೋಜವ್ವ ಆರತಿ ತಾಟು ಹಿಡಿದು ನಿಂತಿದ್ದಳು. ದೃಷ್ಟಿ ತೆಗೆದು, ಅವನ ಹಣೆಗೆ ತಾನೇ ವಿಭೂತಿ ಹಚ್ಚಿದಳು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವವರು ಹೇಳುವ ಹಾಗೆ, ಬಲಗಾಲು ಇಟ್ಟು ಬರ್ರಿ ಎಂದಳು.

ಕರಿಬಸಪ್ಪ ಬಲಗಾಲು ಇಟ್ಟು ಒಳಗೆ ಬಂದ. ಕೆರೆಯ ನೀರು ಅವನ ಧೋತರದಿಂದ ಪಡಸಾಲೆಯ ಉದ್ದಕ್ಕೂ ಸುರಿಯಿತು. ಸರೋಜವ್ವ ಅದನ್ನು ಒರೆಸಲಿಲ್ಲ.