ಬಾವಿಯ ನೀರಿಗೆ ಹಿಡಿದ ಸೊನ್ನೆ

ದೆವ್ವ, ಪವಾಡ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಯಂತ್ರ ಕೆಟ್ಟಿರಬೇಕು, ಇಲ್ಲವೇ ನಿಮ್ಮ ತಲೆ ಕೆಟ್ಟಿರಬೇಕು ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಾನೀಗ ಹೇಳುವುದನ್ನು ನೀವೂ ಹಾಗೆಯೇ ತಳ್ಳಿಹಾಕಬಹುದು.

ಕೆಲವು ವರ್ಷಗಳ ಹಿಂದೆ ಹೊಸಪೇಟೆಯ ಖಾಸಗಿ ಲ್ಯಾಬೊಂದರಲ್ಲಿ ನೀರು ಪರೀಕ್ಷಿಸುತ್ತಿದ್ದೆ. ನಮ್ಮಲ್ಲೊಂದು ಸೆನ್ಸರ್ ಇತ್ತು. ಸಣ್ಣ ಗಾಜಿನ ಎಳೆಯೊಳಗಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ನೀರಿಗೆ ಬಿಡುತ್ತಿದ್ದೆವು. ನೀರಿನಲ್ಲಿ ಡೀಸೆಲ್, ಆಯಿಲ್‌ನ ಅಣುಗಳಿದ್ದರೆ ಮಿನುಗುತ್ತವೆ. ಆ ಮಿನುಗು ಅದೇ ಎಳೆಯಲ್ಲಿ ವಾಪಸು ಬಂದು ಪರದೆಯ ಮೇಲೆ ಅಂಕಿಯಾಗುತ್ತದೆ. ಮೊದಲು ಎಳೆಯನ್ನು ಲ್ಯಾಬಿನ ಶುದ್ಧ ನೀರಿನಲ್ಲಿ ಅದ್ದಿ ಸೊನ್ನೆ ಹಿಡಿಯಬೇಕು, ಅಂದರೆ ಆ ನೀರಿನ ಅಂಕಿಯನ್ನೇ ಸೊನ್ನೆ ಎಂದು ಯಂತ್ರಕ್ಕೆ ಗುರುತು ಮಾಡಿಕೊಡಬೇಕು. ಆ ಕೆಲಸದ ನಿಯತ್ತೇ ಅದು.

ಸಂಡೂರು ದಾರಿಯ ಹಳ್ಳಿಯೊಂದರಲ್ಲಿ, ಲಾರಿ ತೊಳೆಯುವ ಶೆಡ್ಡಿನ ಪಕ್ಕ ಹುಲಿಗೆಮ್ಮ ಎಂಬಾಕೆಯ ಬಾವಿ. ಮೊಮ್ಮಗಳಿಗೆ ವಾಂತಿ ನಿಲ್ಲದೆ ಆಕೆ ಪಂಚಾಯ್ತಿಗೆ ದೂರು ಕೊಟ್ಟಿದ್ದಳು. ಪರೀಕ್ಷೆಗೆ ನಮ್ಮನ್ನು ಕರೆಸಿದವನು ಶೆಡ್ಡಿನ ಮಾಲೀಕನೇ! ಕಳ್ಳನ ಕೈಗೆ ಕೀಲಿ ಕೊಟ್ಟಂತೆ.

ಮಟಮಟ ಮಧ್ಯಾಹ್ನ ಎಳೆ ಇಳಿಸಿದೆ. ಸೊನ್ನೆಯ ಆಸುಪಾಸು ಇರಬೇಕಾದ ಅಂಕಿ ಎಂಬತ್ತಾರು ಬಂತು. ಜೊತೆಗೆ ಬಂದಿದ್ದ ನಮ್ಮ ಲ್ಯಾಬಿನ ಸಾಹೇಬರು ಕಿವಿಯ ಹತ್ತಿರ ಬಂದು, "ಬಾವಿ ನೀರಾಗ ಸೊನ್ನಿ ಹಿಡೀಲೇ, ಜಲ್ದಿ," ಎಂದರು. ಅಂದರೆ ಕೊಳಕು ನೀರೇ ಶುದ್ಧ ನೀರು ಎಂದು ಯಂತ್ರಕ್ಕೆ ಹೇಳಿಕೊಡುವುದು. ನಾಚಿಕೆಗೆಟ್ಟ ನಾನು ಗುಂಡಿ ಒತ್ತಿದೆ. ಸೊನ್ನೆ ಬಂತು. ವರದಿಗೆ ಸಹಿಯನ್ನೂ ಹಾಕಿದೆ.

ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡು ಎಳೆ ಸುತ್ತುತ್ತಿದ್ದೆ. ಆಗ ಪರದೆ ತಾನಾಗಿ ಬೆಳಗಿತು. ಎಂಬತ್ತಾರು. ಜೇಬು ಮುಟ್ಟಿ ನೋಡಿಕೊಂಡೆ, ಬ್ಯಾಟರಿ ಅಲ್ಲೇ ಇತ್ತು.

"ಏನ್ ತೋರಸಾಕತ್ತೈತ್ರಿ ಅದು?" ಎಂದಳು ಹುಲಿಗೆಮ್ಮ. "ನಮ್ಮ ಕೂಸಿಗೆ ಈ ನೀರು ಕುಡಸಬೌದೇನ್ರಿ?"

"ಕುಡಸವ್ವ, ಭಾಳ ಚಲೋ ಐತಿ," ಎಂದ ಸಾಹೇಬರು ಪರದೆಯ ಮೇಲೆ ಟವೆಲ್ ಹಾಕಿದರು.

ನನಗೆ ತಡೆಯಲಾಗಲಿಲ್ಲ. "ಬ್ಯಾಡವ್ವ, ಒಂದು ಹನಿನೂ ಕುಡಸಬ್ಯಾಡ," ಎಂದು ಕೂಗಿ ಸಾಹೇಬರ ಕೈಯಿಂದ ವರದಿಯನ್ನು ಕಸಿದು ಹರಿದೆ. ಸಂಜೆಯೊಳಗೆ ಕೆಲಸ ಹೋಯಿತು. ಹೋಗಲಿ, ಪೀಡೆ ತೊಲಗಿತು.

ಯಂತ್ರವನ್ನು ಬಿಚ್ಚಿ ನೋಡಿದ ರಿಪೇರಿಯವನು ಯಾವ ದೋಷವೂ ಇಲ್ಲವೆಂದನಂತೆ. ಬ್ಯಾಟರಿ ಇಲ್ಲದೆ ಆ ಅಂಕಿ ಹೇಗೆ ಬಂತೋ ನನಗೆ ಇಂದಿಗೂ ತಿಳಿಯದು. ಆದರೆ ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಬ್ಯಾಟರಿ ಇದ್ದಾಗಲೂ ಅದೇ ಅಂಕಿ ಬಂದಿತ್ತಲ್ಲ, ಆಗ ನನ್ನ ಬಾಯಿಗೇನು ದೊಡ್ಡ ರೋಗ ಬಡಿದಿತ್ತು?