ನಡುಮನೆಯ ಕಾಗದ

ಮಿಸ್ ಅವರ ಬಲ ಅಂಗೈಯ ಹೊರ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ಬೂದು ಬಣ್ಣಕ್ಕಿರುತ್ತಿತ್ತು. ಸ್ಲೇಟನ್ನು ಬಟ್ಟೆಯಿಂದ ಒರೆಸುವವರಲ್ಲ ಅವರು. ಮುಷ್ಟಿ ಕಟ್ಟಿ ಆ ಅಂಚಿನಿಂದಲೇ ಎರಡು ಸಲ ಎಳೆದು ಅಳಿಸಿಬಿಡುತ್ತಿದ್ದರು. ಮದುವೆಗೆ ಹೊರಟಾಗಲೂ ಅಷ್ಟೆ. ರೇಷ್ಮೆ ಸೀರೆ, ಮಲ್ಲಿಗೆ, ಕೈಗಡಿಯಾರ ಎಲ್ಲ ಒಪ್ಪವಾಗಿದ್ದು ಅಂಗೈಯ ಅಂಚು ಮಾತ್ರ ಬೂದು.

ಕೀಲ್ಪಾಕ್‌ನ ನಮ್ಮ ಕಟ್ಟಡದಲ್ಲಿ ಅವರದು ಎರಡನೆಯ ಮಹಡಿ, ನಮ್ಮದು ಒಂದನೆಯದು. ಎಗ್ಮೋರ್ ಹತ್ತಿರದ ಶಾಲೆಯಲ್ಲಿ ಅವರು ಗಣಿತ ಹೇಳಿಕೊಡುತ್ತಿದ್ದರು. ರೈಲ್ವೆಯಲ್ಲಿದ್ದ ನಮ್ಮಪ್ಪನಿಗೆ ಮಗನಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಕೊರಗು, ಅದಕ್ಕೆ ಶನಿವಾರ ಬೆಳಿಗ್ಗೆ ನನ್ನನ್ನು ಮೇಲಕ್ಕೆ ಅಟ್ಟುತ್ತಿದ್ದರು. ಮಿಸ್ ಕನ್ನಡದಲ್ಲಿ ಕೇಳುವುದು, ನಾನು ತಮಿಳಿನಲ್ಲಿ ಉತ್ತರಿಸುವುದು, ಅವರು ಏನೂ ಕೇಳಿಸದವರ ಹಾಗೆ ಕಿಟಕಿಯ ಕಡೆ ನೋಡುವುದು, ಹೀಗೇ ಒಂದು ವರ್ಷ ಕಳೆಯಿತು. "ತೆರಿಯಾದು" ಅಂದರೆ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. "ಗೊತ್ತಿಲ್ಲ" ಅಂದ ದಿನ ಕೊಬ್ಬರಿ ಮಿಠಾಯಿ ಕೊಟ್ಟರು. ಇವತ್ತು ನಾನು ಬರೆಯುತ್ತಿರುವ ಒಂದೊಂದು ಅಕ್ಷರವೂ ಆ ಮಹಡಿಯಲ್ಲಿ ಕಲಿತದ್ದು.

ಅವರ ಕಟ್ಟುನಿಟ್ಟುಗಳು ಮೂರಿದ್ದವು. ಏನೇ ಬರೆಯುವುದಿದ್ದರೂ ಮೊದಲು ಕರಡು, ಆಮೇಲೆ ಶುದ್ಧ ಪ್ರತಿ. ಕೇಳಿದ್ದನ್ನು ಎರಡನೇ ಸಲ ಕೇಳುವುದಿಲ್ಲ. ಮತ್ತೆ, ಓದಿದ ಮೇಲೆ ಅಳಿಸಬೇಕು. ಅಡುಗೆಮನೆಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿದ್ದರು. ಮನೆಯ ಯಜಮಾನರಿಗೆ, ನಾನು ಮಾಮ ಎಂದು ಕರೆಯುವವರಿಗೆ, ಹೇಳಬೇಕಾದದ್ದೆಲ್ಲ ಅದರ ಮೇಲೆ ಬರೆಯುತ್ತಿದ್ದರು. ಮಾಮ ವಿಮಾ ಕಂಪನಿಯಿಂದ ನಿವೃತ್ತರಾಗುವ ಹೊತ್ತಿಗೆ ಅವರ ಎರಡು ಕಿವಿಯೂ ಹೋಗಿದ್ದವು. ಕಿವಿಗೆ ಹಾಕುವ ಯಂತ್ರ ಬೀರುವಿನಲ್ಲಿತ್ತು. ಗಂಡನ ಹತ್ತಿರ ಕಿರುಚಿ ಮಾತಾಡುವುದು ಮಿಸ್‌ಗೆ ಒಗ್ಗದು. "ಬೀದಿಗೆಲ್ಲ ಕೇಳಿಸೋ ಹಾಗೆ ಸಂಸಾರ ಮಾಡಕ್ಕಾಗಲ್ಲ ಕಣೋ" ಎಂದಿದ್ದರು ಒಮ್ಮೆ. ಬರೆದದ್ದನ್ನು ಮಾಮ ಓದಿ, ಅಳಿಸಿ, ಬೇಕಿದ್ದರೆ ಉತ್ತರ ಬರೆಯುತ್ತಿದ್ದರು. ಸ್ಲೇಟು ಖಾಲಿಯಾಗಿದ್ದರೆ ಓದಿದ್ದಾರೆ ಎಂದು ಅರ್ಥ.

ಆಮೇಲೆ ಮಾಮನ ಕಣ್ಣೂ ಕೈಕೊಟ್ಟಿತು. ಸ್ಲೇಟಿನ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದೊಡ್ಡದು ಮಾಡಿದರೆ ಮಾತ್ರ ಕಾಣುತ್ತಿತ್ತು. ಟಿ. ನಗರದಿಂದ ತಂದ ಆ ಕಂಪ್ಯೂಟರಿನಲ್ಲಿ ಅವರು ದಿನವಿಡೀ ಚೆಸ್ ಆಡುತ್ತಿದ್ದರು. ಒಂದೊಂದು ಆಟ ಮೂರು ಮೂರು ದಿನ. ಅದರ ನಡುವೆ ಯಾರಾದರೂ ಮೌಸ್ ಮುಟ್ಟಿದರೆ ಮುಖ ಕೆಂಪಗಾಗುತ್ತಿತ್ತು. ಮಿಸ್ ನನ್ನನ್ನು ಕರೆಸಿದರು. ಆ ಹೊತ್ತಿಗೆ ನಾನು ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. "ಅವರ ಆನೆ ಕುದುರೆ ಮಧ್ಯ ನಾನು ಬರೆಯಕ್ಕಾಗಲ್ಲ. ನನಗೊಂದು ಕಡೆ ಮಾಡ್ಕೊಡು" ಎಂದರು.

ಮಾಡಿಕೊಟ್ಟೆ. ಮಾಮನ ವಿಂಡೋಸ್ ಹಾಗೇ ಇರಲಿ ಎಂದು ಡಿಸ್ಕಿನ ಇನ್ನೊಂದು ಭಾಗದಲ್ಲಿ ಲಿನಕ್ಸ್ ಎಂಬ ಬೇರೆಯೇ ವ್ಯವಸ್ಥೆ ಹಾಕಿ, ಕನ್ನಡ ಕೀಲಿಮಣೆ ಕೂರಿಸಿದೆ. ಯಂತ್ರ ಹಚ್ಚಿದಾಗ ಯಾರ ಕಡೆ ಹೋಗಬೇಕು ಎಂದು ಅದೇ ಕೇಳುತ್ತಿತ್ತು. ಎರಡು ಕಡೆಯವರಿಗೂ ತೆರೆಯುವಂತೆ ಮಧ್ಯದಲ್ಲಿ ಒಂದಿಷ್ಟು ಜಾಗ ಬಿಟ್ಟೆ. ಮಿಸ್ ಅದಕ್ಕೆ ನಡುಮನೆ ಎಂದು ಹೆಸರಿಟ್ಟರು. ತಮ್ಮ ಕಡೆಯಲ್ಲಿ ಕರಡು ಬರೆದು, ತಿದ್ದಿ, ಶುದ್ಧ ಪ್ರತಿಯನ್ನು ನಡುಮನೆಯಲ್ಲಿ ಇಟ್ಟು ಯಂತ್ರ ಆರಿಸುತ್ತಿದ್ದರು. ಮಾಮ ತಮ್ಮ ಕಡೆಯಿಂದ ಬಂದು ದೊಡ್ಡ ಅಕ್ಷರದಲ್ಲಿ ಓದಿ, ಅಳಿಸಿ, ಉತ್ತರ ಇಡುತ್ತಿದ್ದರು. ಒಂದೆರಡನ್ನು ಮಿಸ್ ನನಗೆ ತೋರಿಸಿದ್ದೂ ಉಂಟು. "ಬದನೆಕಾಯಿ ಬೇಡ ಅಂದಿದ್ದೆ, ಮತ್ತೆ ಅದನ್ನೇ ತಂದಿದೀರಿ" ಎಂದು ಇವರು. "ಕಣ್ಣು ಕಾಣಲ್ಲ, ಕೈಗೆ ಸಿಕ್ಕಿದ್ದು ಬದನೆ" ಎಂದು ಅವರು. ಇಬ್ಬರೂ ಆ ವರ್ಷ ಚೆನ್ನಾಗಿದ್ದರು.

ಕೆಡಿಸಿದವನು ನಾನು. ಯಂತ್ರ ಆರಿಸಿದರೆ ಅರ್ಧ ಆಡಿದ ಆಟ ಹೋಗುತ್ತದೆ ಎಂದು ಮಾಮ ಗೊಣಗುತ್ತಿದ್ದರು. ತೆರೆದಿದ್ದೆಲ್ಲ ತೆರೆದ ಹಾಗೇ ಇಟ್ಟುಕೊಂಡು ಅವರ ಕಡೆ ಮಾತ್ರ ನಿದ್ದೆಗೆ ಹೋಗುವ ಒಂದು ಗುಂಡಿಯನ್ನು ಅವರಿಗೆ ತೋರಿಸಿಕೊಟ್ಟೆ. ಅವರಿಗೆ ಖುಷಿಯೋ ಖುಷಿ. ಒಂದು ವಾರದಲ್ಲಿ ಮಿಸ್ ಫೋನ್ ಮಾಡಿದರು: ನಡುಮನೆ ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ರೈಲು ಹಿಡಿಯಲು ಎಗ್ಮೋರ್‌ಗೆ ಹೊರಟಿದ್ದವನು ಬ್ಯಾಗು ಹೆಗಲಲ್ಲಿಟ್ಟುಕೊಂಡೇ ಮೇಲೆ ಹೋದೆ. ಮಾಮನ ಕಡೆಯನ್ನು ಸರಿಯಾಗಿ ಮುಚ್ಚಿಲ್ಲ, ಈಗ ಇಲ್ಲಿ ಬರೆಯುವುದು ಕ್ಷೇಮವಲ್ಲ ಎಂದು ಯಂತ್ರವೇ ಎಚ್ಚರಿಸುತ್ತಿತ್ತು. ನಾನು ಅದರ ಆಜ್ಞೆಗಳಿಗೆ ಒಂದು ಸಾಲು ಸೇರಿಸಿ ಅದರ ಬಾಯಿ ಮುಚ್ಚಿಸಿದೆ. ಹಿಂದೆ ನಿಂತಿದ್ದ ಮಿಸ್ ಪರದೆಯನ್ನು ಓದಿದ್ದರು.

"ಅದು ಬೇಡ ಅಂತಿದೆಯಲ್ಲೋ. ಯಾಕೆ ಅಂತ ನೋಡಿದ್ಯಾ?"

"ಏನೂ ಆಗಲ್ಲ ಮಿಸ್" ಎಂದೆ. ರೈಲಿಗೆ ಇನ್ನು ನಲವತ್ತು ನಿಮಿಷ ಇತ್ತು.

ಏನಾಗುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು, ಅದು ನನ್ನ ಕಸುಬು. ಮಾಮನ ಕಡೆ ನಿದ್ದೆಗೆ ಹೋಗುವಾಗ ನಡುಮನೆ ಹೇಗಿತ್ತೋ ಅದನ್ನೇ ನೆನಪಿಟ್ಟುಕೊಂಡಿರುತ್ತದೆ. ಎದ್ದಾಗ ಆ ಹಳೆಯ ನೆನಪನ್ನೇ ನಿಜವೆಂದು ನಂಬುತ್ತದೆ. ಆ ಮಧ್ಯೆ ಮಿಸ್ ಇಟ್ಟದ್ದು ಅದಕ್ಕೆ ಕಾಣುವುದಿಲ್ಲ, ತನ್ನ ಲೆಕ್ಕವನ್ನು ಮತ್ತೆ ಬರೆಯುವಾಗ ಅದನ್ನು ಒರೆಸಿಹಾಕುತ್ತದೆ. ಮಾಮ ಆಟ ಮುಗಿಸಿ ಪೂರ್ತಿ ಆರಿಸಿದ ದಿನ ಕಾಗದ ತಲುಪುತ್ತಿತ್ತು. ಆಟ ಅರ್ಧಕ್ಕೆ ನಿಂತ ದಿನ ತಲುಪುತ್ತಿರಲಿಲ್ಲ. ಮಾರನೆಯ ದಿನ ಮಿಸ್ ತೆರೆದು ನೋಡಿದರೆ ಕಾಗದ ಇರುತ್ತಿರಲಿಲ್ಲ, ಉತ್ತರವೂ ಇರುತ್ತಿರಲಿಲ್ಲ. "ಇತ್ತೀಚೆಗೆ ಓದ್ತಾರೆ, ಅಳಿಸ್ತಾರೆ, ಉತ್ತರ ಮಾತ್ರ ಇಲ್ಲ" ಎಂದರು ಒಮ್ಮೆ ಮೆಟ್ಟಿಲ ಮೇಲೆ. ವಯಸ್ಸಾಯಿತಲ್ಲ ಮಿಸ್ ಎಂದು ನಕ್ಕುಬಿಟ್ಟೆ.

ಅದಾದ ಎಂಟು ತಿಂಗಳಿಗೆ ಮಿಸ್‌ಗೆ ಎದೆಯ ಕ್ಯಾನ್ಸರ್ ಎಂದು ಅಮ್ಮ ಹೇಳಿದಳು. ಮೆಟ್ಟಿಲಲ್ಲಿ ಕುಸಿದು ಕೂತಾಗ ಕಟ್ಟಡದವರೇ ಆಸ್ಪತ್ರೆಗೆ ಸೇರಿಸಿದ್ದರು. ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದು ಡಾಕ್ಟರು ರೇಗಿದರಂತೆ. ನಾನು ನೋಡಲು ಹೋದ ದಿನ ಮಾಮ ಮಂಚದ ಕಾಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಗೋಡೆ ನೋಡುತ್ತ ಕೂತಿದ್ದರು. ಹೆಂಡತಿ ತನ್ನಿಂದ ಮುಚ್ಚಿಟ್ಟಳು ಎಂಬ ಸಿಟ್ಟು ಅವರಿಗೆ. ಮಿಸ್ ಅವರ ಕಡೆ ತಿರುಗಲಿಲ್ಲ. ನನಗೆ ಮಾತ್ರ ಕೇಳುವ ಹಾಗೆ, "ಬರೆದಿದ್ದೆ. ಓದಿ ಅಳಿಸಿದ್ರು. ಇನ್ನೇನು ಕೇಳೋದು" ಎಂದರು. ಹೊದಿಕೆಯ ಮೇಲಿದ್ದ ಅವರ ಅಂಗೈಯ ಅಂಚು ಮೊದಲ ಸಲ ಬೆಳ್ಳಗಿತ್ತು. ಅವರ ಮಾತು ನನಗೆ ಆಗ ಅರ್ಥವಾಗಲಿಲ್ಲ. ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಹತ್ತೊಂಬತ್ತು ದಿನಕ್ಕೆ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದ ಮೇಲೆ ಮಾಮ ನನ್ನನ್ನು ಕರೆಸಿದರು. ಕಿವಿ ಕೇಳದವರ ದೊಡ್ಡ ಗಂಟಲಿನಲ್ಲಿ, "ಅವಳು ನನಗೆ ಯಾಕಪ್ಪ ಹೇಳಲಿಲ್ಲ? ಅವಳ ಕಡೆ ಏನಾದ್ರೂ ಇದೆಯಾ ನೋಡು" ಎಂದರು.

ಇತ್ತು. ಕರಡು ಎಂಬ ಹೆಸರಿನಲ್ಲಿ ಎಲ್ಲ ಕಾಗದಗಳನ್ನೂ ತಾರೀಕು ಹಾಕಿ ಇಟ್ಟಿದ್ದರು. ಒಂದನ್ನು ತೆರೆದೆ. "ಎಡಗಡೆ ಎದೆಯಲ್ಲಿ ಗಂಟು ಸಿಗುತ್ತಿದೆ. ಹುಣಿಸೆಬೀಜದಷ್ಟು. ಗುರುವಾರ ಆಸ್ಪತ್ರೆಗೆ ಹೋಗೋಣ ಅಂತಿದ್ದೇನೆ. ಒಬ್ಬಳೇ ಹೋಗಲು ಹೆದರಿಕೆ. ನೀವು ಬರುತ್ತೀರಾದರೆ ಹೋಗುತ್ತೇನೆ." ನಾನು ಆ ಸಾಲು ಸೇರಿಸಿ ರೈಲು ಹತ್ತಿದ ದಿನದಿಂದ ಇಪ್ಪತ್ತು ದಿನಕ್ಕೆ ಬರೆದದ್ದು.

ಮಾಮನಿಗೆ ಅಕ್ಷರ ದೊಡ್ಡದು ಮಾಡಿ ತೋರಿಸಿದೆ. ಪರದೆಗೆ ಮೂರೇ ಪದ ಹಿಡಿಸುತ್ತಿದ್ದವು. ಅವರು ಪರದೆಗೆ ಮೂಗು ತಾಗಿಸಿಕೊಂಡು ಮೂರು ಮೂರು ಪದವಾಗಿ ಓದಿದರು. ಕೊನೆ ತಲುಪಿದವರು ಮತ್ತೆ ಮೊದಲಿಗೆ ಬಂದರು. ನಾನು ಕೆಳಗೆ ಟೈಪ್ ಮಾಡಿದೆ: ನಿಮ್ಮ ಕಡೆ ನಿದ್ದೆಯಲ್ಲಿತ್ತು ಮಾಮ, ಅದಕ್ಕೆ ಇದು ನಿಮಗೆ ತಲುಪಲಿಲ್ಲ. ಅಷ್ಟೇ ಬರೆದೆ.

"ಹಾಗಾದ್ರೆ ಆಟ ಮುಗಿಸಿ ಏಳ್ಬೇಕಿತ್ತು ನಾನು" ಎಂದರು. ಆಮೇಲೆ, "ಓದಾಯ್ತು. ಅಳಿಸ್ಬೇಕಾ ಇದನ್ನ?" ಎಂದು ಕೇಳಿದರು. ಬೇಡ ಎಂದು ಟೈಪ್ ಮಾಡಿದೆ. ಯಂತ್ರದ ಬಾಯಿ ಮುಚ್ಚಿಸಿದ ಆ ಸಾಲನ್ನು ಅವರಿಗೆ ಕಾಣದಂತೆ ತೆಗೆದುಹಾಕಿ ಕೆಳಗಿಳಿದೆ.

ಅಂದಿನಿಂದ ಮಾಮ ಚೆಸ್ ಆಡುವುದು ಕಡಿಮೆ. ಆಡಿದರೂ ಯಂತ್ರವನ್ನು ಪೂರ್ತಿ ಆರಿಸಿ, ಒಳಗಿನ ಫ್ಯಾನು ನಿಲ್ಲುವ ತನಕ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾರೆ. ಕಿವಿ ಕೇಳದಲ್ಲ, ನಿಂತಿತೋ ಇಲ್ಲವೋ ಅವರಿಗೆ ಕೈಗೇ ತಿಳಿಯಬೇಕು. ಆ ಕಡೆಯಿಂದ ಬರೆಯುವವರು ಯಾರೂ ಇಲ್ಲದಿದ್ದರೂ ಕಾಯುತ್ತಾರೆ. ಶನಿವಾರ ಶನಿವಾರ ಮೇಲೆ ಹೋಗಿ ಅದನ್ನು ನೋಡಿಕೊಂಡು ಕೂರುವುದು ಒಂದು ವರ್ಷವಾದ ಮೇಲೆ ನನ್ನಿಂದಾಗಲಿಲ್ಲ. ಮಿಸ್ ಕಡೆಯಲ್ಲಿ ಕೂತು, ಮೊದಲು ಕರಡು, ಆಮೇಲೆ ಶುದ್ಧ ಪ್ರತಿ ಬರೆದೆ. ಗುಂಡಿ ತೋರಿಸಿದ್ದು ನಾನು, ಯಂತ್ರ ಬೇಡ ಎಂದಿತ್ತು, ಮಿಸ್ ಕೇಳಿದರು, ಏನೂ ಆಗಲ್ಲ ಎಂದದ್ದು ನಾನು, ಅಂತ ಎಲ್ಲವನ್ನೂ ಬರೆದು ನಡುಮನೆಯಲ್ಲಿಟ್ಟೆ. ಆ ಕಡೆ ಸರಿಯಾಗಿ ಮುಚ್ಚಿತ್ತು. ಬರೆಯಲು ಬಿಟ್ಟಿತು.

ಮುಂದಿನ ಶನಿವಾರ ಹೋದೆ. ಮಾಮ ಎಂದಿನಂತೆ ಕಾಫಿ ಬೆರೆಸಿ ಕೊಟ್ಟರು. ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದರು. ನಾನು ಯಂತ್ರ ಹಚ್ಚಿ, ಮಿಸ್ ಕಡೆಗೆ ಹೋಗಿ, ನಡುಮನೆ ತೆರೆದೆ. ಕಾಗದ ಇರಲಿಲ್ಲ. ಉತ್ತರವೂ ಇರಲಿಲ್ಲ. ಈ ಸಲ ಅದು ತಲುಪಿದೆ, ಅನುಮಾನವಿಲ್ಲ. ಅವರು ಓದಿ ಅಳಿಸಿದ್ದಾರೆ.

ಅದಾಗಿ ಐದು ಶನಿವಾರ ಆಯಿತು. ಪ್ರತಿ ವಾರ ತೆರೆದು ನೋಡುತ್ತೇನೆ. ನಡುಮನೆ ಖಾಲಿಯಾಗಿಯೇ ಇದೆ. ಎರಡನೇ ಸಲ ಕೇಳಲು ಮಿಸ್ ನನಗೆ ಕಲಿಸಲಿಲ್ಲ.